ಕೃತಜ್ಞತೆ ಎಂದರೇನು?



‘ಕೃತಜ್ಞತೆ’ ಎಂಬ ಪದವನ್ನು ನಾವೆಲ್ಲ ಕಾಪಿ ಪುಸ್ತಕದಲ್ಲಿ ಬರೆದಿದ್ದೇವೆ. ಒತ್ತಕ್ಷರ ತಪ್ಪಿ ಹತ್ತು ಸಲ ತಿದ್ದಿದ್ದೇವೆ. ಆದರೆ ಅದರ ಅರ್ಥ ನನಗೆ ತಿಳಿದದ್ದು ಮಾತ್ರ ಬಸ್ ಸ್ಟಾಪಿನಲ್ಲಿ.

ಹೊಸ ಬ್ಯಾಗ್ ಕೊಡಿಸಲಿಲ್ಲ ಎಂದು ನಾನು ಮನೆಯಲ್ಲಿ ಜಗಳ ಮಾಡಿದ್ದೆ. “ಹರಿದ ಬ್ಯಾಗ್ ಹಾಕ್ಕೊಂಡು ಸ್ಕೂಲಿಗೆ ಹೋಗಲ್ಲ” ಎಂದು ಹಟ ಹಿಡಿದು, ಒಂದು ಸೋಮವಾರ ಚಕ್ಕರ್ ಹೊಡೆದು ಬಸ್ ಸ್ಟಾಪಿನ ಕಟ್ಟೆ ಮೇಲೆ ಕೂತಿದ್ದೆ. (ಮೇಷ್ಟ್ರೇ, ಕ್ಷಮಿಸಿ.) ಅಲ್ಲಿ ಒಬ್ಬ ಅಜ್ಜಿ ಕೈಯಲ್ಲಿ ಆಸ್ಪತ್ರೆ ಚೀಟಿ ಹಿಡಿದು ನಿಂತಿದ್ದರು. ಬಸ್ ಬಂತು.

“ಮಗಾ, ಇದು ಎಲ್ಲಿಗೆ ಹೋಗ್ತದೆ?”

ನಾನು ಸಿಟ್ಟಿನಲ್ಲಿದ್ದೆ. “ಬೋರ್ಡ್ ಕಾಣ್ಸಲ್ವಾ?” ಅಂದೆ.

“ಕಾಣ್ತದೆ ಮಗಾ, ಓದಕ್ಕೆ ಬರಲ್ಲ. ಯಾರನ್ನ ಕೇಳೋದು ಅಂತ ಆಗ್ಲೇ ಒಂದು ಬಸ್ ಬಿಟ್ಟೆ” ಅಂದರು.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಬೋರ್ಡ್ ಓದಿ ಹೇಳಿ, ಅವರನ್ನು ಬಸ್ ಹತ್ತಿಸಿದೆ. “ನಿನ್ನ ಹೊಟ್ಟೆ ತಣ್ಣಗಿರಲಿ” ಎಂದು ಹರಸಿದರು. ಬೈಸಿಕೊಂಡವರೇ ಹರಸಿ ಹೋದರು.

ಮನೆಗೆ ಬಂದು ನಮ್ಮಜ್ಜಿಯನ್ನು ಕೇಳಿದೆ. “ನಮ್ ಕಾಲದಲ್ಲಿ ಊರಲ್ಲಿ ಸ್ಕೂಲೇ ಇರ್ಲಿಲ್ಲ ಕಣೇ” ಅಂದರು. ಅವ್ವ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಂತೆ. ಇದನ್ನು ಹೇಳುತ್ತಲೇ ಅವಳು ನನ್ನ ಬ್ಯಾಗಿನ ಹರಿದ ಪಟ್ಟಿಗೆ ಹೊಲಿಗೆ ಹಾಕುತ್ತಿದ್ದಳು.

ಮರುದಿನ ನಡೆದದ್ದನ್ನೆಲ್ಲ ಮೇಷ್ಟ್ರಿಗೆ ಹೇಳಿದೆ. ಅವರು ಬೈಯಲಿಲ್ಲ, ಪದ ಬಿಡಿಸಿ ತೋರಿಸಿದರು. ‘ಕೃತ’ ಎಂದರೆ ಮಾಡಿದ್ದು, ‘ಜ್ಞ’ ಎಂದರೆ ತಿಳಿದವನು. ನಮಗಾಗಿ ಯಾರು ಏನು ಮಾಡಿದ್ದಾರೆ ಎಂದು ತಿಳಿದವನೇ ಕೃತಜ್ಞ.

ಹಾಗಾದರೆ ನಾನು ಒಂದು ಬೋರ್ಡ್ ಓದಲು ಯಾರು ಯಾರು ಏನು ಮಾಡಿದ್ದಾರೆ? 1848ರಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಪಾಠ ಹೇಳಲು ಹೋಗುವ ಸಾವಿತ್ರಿಬಾಯಿಯ ಮೇಲೆ ಜನ ಸಗಣಿ, ಕೆಸರು ಎಸೆದರು. ಆದರೂ ಅವರು ಪಾಠ ನಿಲ್ಲಿಸಲಿಲ್ಲ. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿಯಾಗಿ, 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದರ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನನಗೀಗ 13 ವರ್ಷ. ನಾನು ಚಕ್ಕರ್ ಹೊಡೆದದ್ದು ಇಷ್ಟು ಜನರ ಶ್ರಮಕ್ಕೆ!

ಇಲ್ಲಿ ಒಂದು ಮಾತು ಗಮನಿಸಬೇಕು. ಅಜ್ಜಿಗೆ ಓದಲು ಬರಲ್ಲ, ನನಗೆ ಬರುತ್ತೆ, ಸದ್ಯ ಎಂದುಕೊಂಡರೆ ಅದು ಕೃತಜ್ಞತೆ ಅಲ್ಲ, ಜಂಬ. ಅಜ್ಜಿ ದಡ್ಡಿಯಲ್ಲ. ಮೋಡ ನೋಡಿ ಮಳೆ ಹೇಳುವ ನಮ್ಮಜ್ಜಿಯೂ ದಡ್ಡಿಯಲ್ಲ. ನನಗೆ ಸಿಕ್ಕಿದ್ದು ಅವರಿಗೆ ಸಿಗಲಿಲ್ಲ, ಅಷ್ಟೆ. ಸಿಕ್ಕವರು ಅದನ್ನು ಹಂಚಬೇಕು.

“ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ” ಎಂಬ ಗಾದೆ ಇದೆ. ಬರೀ ನೆನೆದರೆ ಸಾಲದು ಎಂದು ನಾನೀಗ ಸಂಜೆ ಹೊತ್ತು ನಮ್ಮಜ್ಜಿಗೆ ಅವರ ಹೆಸರು ಬರೆಯಲು ಕಲಿಸುತ್ತಿದ್ದೇನೆ. ಮೊದಲ ಅಕ್ಷರ ಬಂದಿದೆ, ಸ್ವಲ್ಪ ಸೊಟ್ಟಗಿದೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟಿಗೆ ಮಸಿ ಹಚ್ಚುವುದು ಬೇಡ ಎನ್ನುವುದು ಅಜ್ಜಿಯ ಆಸೆ.

ನಿಮ್ಮ ಮನೆಯಲ್ಲೂ ಇಂಥ ಹೆಬ್ಬೆಟ್ಟು ಇದ್ದರೆ, ಇವತ್ತೇ ಒಂದು ಸ್ಲೇಟು ಹುಡುಕಿ.