ಸಕ್ಕರೆಯ ನಡುವೆ ಹಸಿವು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಹಂಗಾಮು ಮೊದಲಾಯಿತೆಂದರೆ ಕಬ್ಬಿನ ಗಾಡಿಗಳ ಸಾಲು ಎಲ್ಲೆಲ್ಲಿಯೂ ಕಾಣುತ್ತದೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬು ಎಷ್ಟೇ ಬಂದು ನಿಂತಿರಲಿ, ಬಾಗಿಲು ತೆರೆದು ಒಳಗೆ ಬಿಟ್ಟುಕೊಂಡ ಹೊರತು ಅದು ನುರಿಯದು. ನಮ್ಮ ಎಲುಬಿನೊಳಗೂ ಇಂತಹುದೇ ಒಂದು ಕಾರ್ಖಾನೆಯುಂಟು. ಅದೇ ಅಸ್ಥಿಮಜ್ಜೆ. ಅಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಸಿದ್ಧವಾಗುತ್ತವೆ.

ಇಷ್ಟು ದೊಡ್ಡ ಕೆಲಸಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ? ನಾವು ತಿಂದ ರೊಟ್ಟಿ, ಬೆಲ್ಲಗಳು ಜೀರ್ಣವಾಗಿ, ಗ್ಲೂಕೋಸಿನ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಆರೋಗ್ಯವಂತನ 5 ಲೀಟರು ರಕ್ತದಲ್ಲಿ ಕರಗಿರುವ ಗ್ಲೂಕೋಸು ಸುಮಾರು 5 ಗ್ರಾಂ, ಎಂದರೆ ಒಂದು ಚಹಾ ಚಮಚದಷ್ಟು ಮಾತ್ರ. ಜೀವಕೋಶವು ಇದನ್ನು ಒಡೆದು, ಬಿಡುಗಡೆಯಾದ ಶಕ್ತಿಯನ್ನು ಎ.ಟಿ.ಪಿ. ಎಂಬ ವಸ್ತುವಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕೋಶದ ಕೆಲಸಗಳೆಲ್ಲ ಈ ಎ.ಟಿ.ಪಿ.ಯ ಬಲದಿಂದಲೇ ನಡೆಯಬೇಕು.

ಹಾಗಾದರೆ ಸುತ್ತಲೂ ಗ್ಲೂಕೋಸು ಇದ್ದರೆ ಸಾಕೆ? ಸಾಲದು. 1983-84ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವೆಟ್ಟನ್, ಡೆಕ್ಸ್‌ಟರ್ ಮತ್ತು ಅವರ ಸಂಗಡಿಗರು ಇಲಿಯ ರಕ್ತಜನಕ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಇದನ್ನು ಪರೀಕ್ಷಿಸಿದರು. ಆ ಕೋಶಗಳಿಗೆ ಒಂದು ವರ್ಧಕಾಂಶವು ಬೇಕು. ಅದನ್ನು ಈಗ ಇಂಟರ್‌ಲ್ಯೂಕಿನ್-3 ಎಂದು ಕರೆಯುತ್ತೇವೆ. ಅದನ್ನು ತೆಗೆದುಬಿಟ್ಟಾಗ, ದ್ರವದಲ್ಲಿ ಗ್ಲೂಕೋಸು ಇದ್ದರೂ ಕೋಶಗಳೊಳಗಿನ ಎ.ಟಿ.ಪಿ. ಇಳಿಯಿತು, ಕೋಶಗಳು ಸತ್ತವು. ಅವು ಸತ್ತದ್ದು ಸಕ್ಕರೆಯ ನಡುವಿನ ಹಸಿವಿನಿಂದ!

ಇದರ ಕಾರಣವನ್ನು ಈಗ ಬಲ್ಲೆವು. ಗ್ಲೂಕೋಸು ಕೋಶದ ಪೊರೆಯನ್ನು ತಾನಾಗಿ ದಾಟಲಾರದು. ಅದನ್ನು ಒಳಗೆ ಬಿಡುವ ಬಾಗಿಲುಗಳಂತಹ ಪ್ರೋಟೀನುಗಳಿವೆ. ವರ್ಧಕಾಂಶವು ಕೋಶದ ಹೊರಮೈಯ ಗ್ರಾಹಕಕ್ಕೆ ತಗುಲಿದಾಗ ಒಳಗೆ ಸಂದೇಶ ಹೊರಡುತ್ತದೆ. ಬಾಗಿಲುಗಳು ಪೊರೆಯ ಮೇಲೆ ಬಂದು ನಿಲ್ಲುತ್ತವೆ. ಒಳಬಂದ ಗ್ಲೂಕೋಸನ್ನು ಹಿಡಿದಿಡುವ ಕಿಣ್ವವೂ ಚುರುಕಾಗುತ್ತದೆ. ಆಜ್ಞೆ ನಿಂತರೆ ಬಾಗಿಲುಗಳು ಒಳಸರಿಯುತ್ತವೆ.

ಬೇಡವಾದ ಕೋಶಗಳು ಬೆಳೆಯದಂತೆ ದೇಹವು ಮಾಡಿಕೊಂಡ ಕಟ್ಟುಪಾಡು ಇದು. ಅದು ಮುರಿದರೆ ಆಗುವ ಅನಾಹುತಕ್ಕೆ ರಕ್ತದ ಕ್ಯಾನ್ಸರು ಸಾಕ್ಷಿ. ಅದರ ಕೆಲವು ಬಗೆಗಳಲ್ಲಿ, ಹೊರಗಿನ ಆಜ್ಞೆಯಿಲ್ಲದೆಯೇ ಒಳಗಿನ ಸಂದೇಶ ಸದಾ ಹರಿಯುತ್ತಿರುತ್ತದೆ. ಕೋಶಗಳು ಗ್ಲೂಕೋಸನ್ನು ಹೀರಿ ಮಿತಿಮೀರಿ ಬೆಳೆಯುತ್ತವೆ. ಆಜ್ಞೆಯೇ ಕಡಿಮೆಯಾದರೂ ಕೇಡು ತಪ್ಪದು. ಕೆಂಪುಕಣಗಳ ಪೂರ್ವಕೋಶಗಳನ್ನು ಬದುಕಿಸಿ ಬೆಳೆಸುವ ಎರಿತ್ರೊಪೊಯಿಟಿನ್ ಮುಖ್ಯವಾಗಿ ಮೂತ್ರಪಿಂಡಗಳಲ್ಲಿ ಹುಟ್ಟುತ್ತದೆ. ಮೂತ್ರಪಿಂಡಗಳು ಕೆಟ್ಟವರಿಗೆ ರಕ್ತಹೀನತೆ ಬರುವುದು ಬಹುಮಟ್ಟಿಗೆ ಇದರ ಕೊರತೆಯಿಂದ. 1989ರಿಂದ ಇದು ಔಷಧವಾಗಿಯೂ ದೊರೆಯುತ್ತಿದೆ.

ಬೆಲ್ಲ ತಿಂದರೆ ರಕ್ತ ಹೆಚ್ಚುತ್ತದೆಂದು ನಮ್ಮ ಹಿರಿಯರು ಹೇಳುವುದುಂಟು. ಆದರೆ ಮಜ್ಜೆಗೆ ಗ್ಲೂಕೋಸೊಂದೇ ಸಾಲದೆಂಬುದನ್ನು ಕಂಡೆವು. ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಜೀವಸತ್ವಗಳೂ ಬೇಕು, ವರ್ಧಕಾಂಶದ ಆಜ್ಞೆಯೂ ಬೇಕು. ಆದುದರಿಂದ ಮುಖ ಬಿಳಿಚಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುವ ವಿದ್ಯಾರ್ಥಿಯು ಬೆಲ್ಲವನ್ನೇ ನಂಬಿ ಕೂರದೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಯಾವುದರ ಕೊರತೆಯೆಂದು ತಿಳಿದರೆ ಮಾತ್ರ ಅದನ್ನು ತುಂಬುವುದು ಸಾಧ್ಯ.