ಸ್ಕ್ಯಾನರ್‌ಗಿಂತ ಮೊದಲು ಆಟೊಕ್ಲೇವ್

ಡಾಕ್ಟರೇ,

ಹುಣಸೂರಿನ ದಂತ ಕ್ಲಿನಿಕ್ಕಿಗೆ ಸಾಲ ಮಾಡಿ ಸಿಬಿಸಿಟಿ (ದವಡೆಯ ಮೂರು ಆಯಾಮದ ಸ್ಕ್ಯಾನ್) ಯಂತ್ರ ತರಲೇ ಎಂದು ಕೇಳಿದ್ದೀರಿ. ಈಗ ಬೇಡ. ಅಂಥ ಸ್ಕ್ಯಾನ್ ಬೇಕಾದ ಕೆಲವರನ್ನು ಮೈಸೂರಿಗೆ ಕಳಿಸಬಹುದು.

ಮೊದಲ ಹಣ ಉಪಕರಣಗಳನ್ನು ಹಬೆಯಲ್ಲಿ ಶುದ್ಧೀಕರಿಸುವ ಬಿ ದರ್ಜೆಯ ಆಟೊಕ್ಲೇವ್‌ಗೆ ಹೋಗಲಿ. ಹಲ್ಲು ಕೊರೆಯುವ ಹ್ಯಾಂಡ್‌ಪೀಸ್‌ನ ಒಳಗೆ ಸಣ್ಣ ಕೊಳವೆಗಳಿರುತ್ತವೆ. ಈ ಆಟೊಕ್ಲೇವ್ ಅಲ್ಲಿನ ಗಾಳಿಯನ್ನು ಮೊದಲು ಹೀರಿ ತೆಗೆಯುವುದರಿಂದ 134 ಡಿಗ್ರಿ ಸೆಲ್ಸಿಯಸ್‌ನ ಹಬೆ ಒಳಗೂ ತಲುಪುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿದರೆ ಆ ಕೆಲಸ ಆಗದು. ಹ್ಯಾಂಡ್‌ಪೀಸ್‌ಗಳನ್ನೂ ಹೆಚ್ಚಿಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸಂತೆ ದಿನದ ನೂಕುನುಗ್ಗಲಿನಲ್ಲಿ ಶುದ್ಧೀಕರಣವೇ ತಪ್ಪಿಹೋಗುತ್ತದೆ.

ಆಮೇಲೆ ಎಣ್ಣೆರಹಿತ ಕಂಪ್ರೆಸರ್, ಹಲ್ಲಿನ ಎಕ್ಸ್‌ರೇಯನ್ನು ಪರದೆಗೆ ತರುವ ಆರ್‌ವಿಜಿ ಸೆನ್ಸರ್. ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಕಂಪ್ರೆಸರ್ ಚಾಲೂ ಆಗುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಮನೆಯ ಸಣ್ಣ ಇನ್ವರ್ಟರ್ ಅದನ್ನು ತಾಳದು.

ನೀವು ಕೇಳದ ಒಂದು ಮಾತು, ನನಗೆ ಇದೇ ಮುಖ್ಯ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ತಂಬಾಕು ಬೆಳೆಯುವ ಸೀಮೆ. ಬೀಡಿ ಸೇದುವವರು, ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವವರು ನಿಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಹಲ್ಲುನೋವೆಂದು ಬಂದವರ ನಾಲಿಗೆಯ ಅಂಚು, ಕೆನ್ನೆಯ ಒಳಭಾಗದಲ್ಲಿ ಬಾಯಿಯ ಕ್ಯಾನ್ಸರ್‌ನ ಸುಳಿವಿದೆಯೇ ಎಂದೂ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಬಯಾಪ್ಸಿಗೆ ಕಳಿಸಿ. ಈ ತಪಾಸಣೆಗೆ ಒಳ್ಳೆಯ ಬೆಳಕು, ಬಾಯಿಗನ್ನಡಿ, ಹತ್ತಿಬಟ್ಟೆ ಸಾಕು. ಹಣ ಮಿಕ್ಕರೆ ಬಾಯೊಳಗಿನ ಕ್ಯಾಮೆರಾ ಕೊಳ್ಳಿ: ತನ್ನದೇ ಕೆನ್ನೆಯ ಮಚ್ಚೆಯನ್ನು ಪರದೆಯ ಮೇಲೆ ಕಂಡ ರೈತ ಮೈಸೂರಿನ ಬಸ್ಸು ಹತ್ತಲು ಬೇಗ ಒಪ್ಪುತ್ತಾನೆ.