ಮೊದಲು ಕಟ್ಟಿಗೆ ನೋಡಿ, ಆಮೇಲೆ ಮಷಿನ್

ಪ್ರಶ್ನೆ: ಕಾಗವಾಡ ತಾಲ್ಲೂಕಿನ ಹೊಳೆದಂಡೆಯ ಊರಿನಲ್ಲಿ ನಮ್ಮ ತಂದೆಯವರ ಕಟ್ಟಿಗೆ ವಖಾರ ಇದೆ. ಖಾನಾವಳಿ, ಬೇಕರಿ, ಲಗ್ನದ ಅಡುಗೆಯವರು ನಮ್ಮ ಗಿರಾಕಿಗಳು. ಇಬ್ಬರು ಕಾಕಾಗಳು ನಾನು ಹುಟ್ಟುವ ಮೊದಲಿನಿಂದ ನಮ್ಮಲ್ಲಿ ಕೊಡಲಿ ಹಿಡಿದಿದ್ದಾರೆ. ಈಗ ಒಬ್ಬರಿಗೆ ರಟ್ಟೆ ನೋವು, ಇನ್ನೊಬ್ಬರಿಗೆ ಸೊಂಟ ನೋವು. ಹೊಸ ಹುಡುಗರು ಈ ಕೆಲಸಕ್ಕೆ ಬರುವುದಿಲ್ಲ. ಟ್ರ್ಯಾಕ್ಟರಿಗೆ ಜೋಡಿಸುವ ತಿರುಪು ಮಷಿನ್ ಅಗ್ಗಕ್ಕೆ ಸಿಗುತ್ತದೆ ಎಂದು ಮಾವನ ಮಗ ಮೊಬೈಲಿನಲ್ಲಿ ತೋರಿಸಿದ, ಸ್ವಲ್ಪ ಮುಂಗಡವನ್ನೂ ಕೊಟ್ಟಿದ್ದೇವೆ. ನನಗೆ ಮಾತ್ರ ವಿದೇಶದಲ್ಲಿರುವಂತೆ ಒಂದು ಕಡೆ ದಿಮ್ಮಿ ಹಾಕಿದರೆ ಇನ್ನೊಂದು ಕಡೆ ಸೀಳಿದ ಕಟ್ಟಿಗೆ ಬೀಳುವ ದೊಡ್ಡ ಮಷಿನ್ ಮೇಲೆ ಆಸೆ. ಅಪ್ಪ ಯಾವುದೂ ಬೇಡ, ಆ ಇಬ್ಬರ ಹೊಟ್ಟೆ ಮೇಲೆ ಹೊಡೆಯಬೇಡ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಮಷಿನ್ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ವಖಾರಕ್ಕೆ ಬರುವ ಕಟ್ಟಿಗೆ ಯಾವುದೆಂದು ಬರೆದಿಲ್ಲ. ಆದರೂ ನನಗೆ ಗೊತ್ತು. ನಿಪ್ಪಾಣಿಯಿಂದ ಅಥಣಿಯವರೆಗೆ ನಮ್ಮ ಕಡೆ ಬರುವುದು ಬದುವಿನ ಕರಿಜಾಲಿ, ಬೇವು, ಹುಣಸೆ, ಹಳ್ಳದ ಬಳ್ಳಾರಿ ಜಾಲಿ, ಅಲ್ಲೊಂದು ಇಲ್ಲೊಂದು ನೀಲಗಿರಿ. ನೀಲಗಿರಿ ಬಿಟ್ಟರೆ ಒಂದೂ ನೆಟ್ಟಗಿರುವುದಿಲ್ಲ. ಸೊಟ್ಟ, ಗಂಟು, ಕವಲು.

ನಿಮ್ಮ ಆಸೆಯ ದೊಡ್ಡ ಮಷಿನ್ ಫಿನ್ಲೆಂಡಿನಂಥ ದೇಶಗಳ ಮರಕ್ಕೆಂದು ಮಾಡಿದ್ದು. ಅಲ್ಲಿ ಬರ್ಚ್, ಸ್ಪ್ರೂಸ್ ಮರ ಕಂಬದಂತೆ ಬೆಳೆಯುತ್ತವೆ. ಮನೆಯ ಒಲೆಗೆ ಹೊಂದಲು ತುಂಡುಗಳೆಲ್ಲ ಒಂದೇ ಅಳತೆಗೆ ಬರಬೇಕು. ಜಾಲಿಯ ಸೊಟ್ಟ ದಿಮ್ಮಿ ಆ ಮಷಿನ್ನಿನ ಪಟ್ಟಿಯ ಮೇಲೆ ಅಡ್ಡ ಬಿದ್ದು ಸಿಕ್ಕಿಕೊಳ್ಳುತ್ತದೆ, ಬಿಡಿಸುತ್ತ ಕೂರುವುದರಲ್ಲೇ ದಿನ ಹೋಗುತ್ತದೆ. ನಿಮ್ಮ ಗಿರಾಕಿ ಕೊಳ್ಳುವುದು ಕ್ವಿಂಟಲ್ ಲೆಕ್ಕದಲ್ಲಿ. ಲಗ್ನದ ಒಲೆಗೆ ತುಂಡು ಒಂದು ಗೇಣು ಉದ್ದವಾದರೂ ನಡೆಯುತ್ತದೆ. ಬೇಡದ ಅಳತೆಗೆ ಸಾಲ ಮಾಡಬೇಡಿ.

ಇನ್ನು ತಿರುಪು ಮಷಿನ್. ಇದನ್ನು ನಾನು ಬಲವಾಗಿ ಬೇಡ ಎನ್ನುತ್ತೇನೆ. ಟ್ರ್ಯಾಕ್ಟರಿನ ಹಿಂದಿನ ಪಿ.ಟಿ.ಒ. ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9. ಅದೇ ದಂಡ ಈ ತಿರುಪನ್ನು ತಿರುಗಿಸುತ್ತದೆ. ದೋತರದ ಚುಂಗು, ಹೆಗಲ ಟವೆಲ್, ಕಟ್ಟಿಗೆ ಒಟ್ಟುವ ಹೆಣ್ಣುಮಕ್ಕಳ ಸೆರಗು, ಕೈಗವಸಿನ ತುದಿ, ಯಾವುದು ಸಿಕ್ಕರೂ ಸುತ್ತಿಕೊಳ್ಳುತ್ತದೆ. ಬಿಡಿಸಿಕೊಳ್ಳಬೇಕೆಂದು ಅನ್ನಿಸುವಷ್ಟರಲ್ಲಿ ಕೈ ಒಳಗಿರುತ್ತದೆ. ಗಂಟಿನ ದಿಮ್ಮಿಯಾದರೆ ತಿರುಪು ಅದರಲ್ಲಿ ಕಚ್ಚಿಕೊಂಡು ದಿಮ್ಮಿಯೇ ತಿರುಗಿ ಕಾಲಿಗೆ ಬಡಿಯುತ್ತದೆ. ರಾಯಬಾಗದ ಕಡೆಯ ಒಂದು ವಖಾರದಲ್ಲಿ ಟವೆಲ್ ಎಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಟವೆಲ್ ಹಳೆಯದು, ಹರಿಯಿತು, ಮನುಷ್ಯ ಉಳಿದ.

ನಿಮಗೆ ಬೇಕಾದದ್ದು ಹೈಡ್ರಾಲಿಕ್ ಮಷಿನ್. ಎಣ್ಣೆಯ ಒತ್ತಡ ಬೆಣೆಯನ್ನು ದಿಮ್ಮಿಗೆ ನಿಧಾನವಾಗಿ ಒತ್ತುತ್ತದೆ. ಅಂಗಡಿಯವರು ಇಪ್ಪತ್ತು ಟನ್, ಮೂವತ್ತು ಟನ್ ಎಂದು ಹೇಳುತ್ತಾರೆ, ಆ ಮಾತನ್ನು ನೀವೇ ಲೆಕ್ಕ ಹಾಕಿ ನೋಡಿ. ಸಿಲಿಂಡರಿನ ಒಳವ್ಯಾಸ 10 ಸೆಂಟಿಮೀಟರ್ ಇದ್ದರೆ ಒಳಗಿನ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರ್. ಪಂಪಿನ ಒತ್ತಡ 200 ಬಾರ್ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋ. ಗುಣಿಸಿದರೆ 16 ಟನ್ ಹತ್ತಿರ, ಅದಕ್ಕಿಂತ ಹೆಚ್ಚಿಲ್ಲ. ಒಳವ್ಯಾಸ ಹನ್ನೆರಡೂವರೆ ಸೆಂಟಿಮೀಟರ್ ಆದರೆ ಅದೇ ಒತ್ತಡಕ್ಕೆ ಸುಮಾರು 25 ಟನ್ ಬರುತ್ತದೆ. ಹುಣಸೆ ಬೊಡ್ಡೆ ಒಡೆಯುವ ವಖಾರಕ್ಕೆ ಎರಡನೆಯದೇ ಸರಿ.

ವೇಗದ ಮಾತಿಗೂ ಲೆಕ್ಕ ಇದೆ. 5 ಅಶ್ವಶಕ್ತಿಯ ಮೋಟಾರು 200 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 11 ಲೀಟರ್ ಎಣ್ಣೆ ತಳ್ಳಬಲ್ಲದು. 10 ಸೆಂಟಿಮೀಟರಿನ ಸಿಲಿಂಡರು 60 ಸೆಂಟಿಮೀಟರ್ ಮುಂದೆ ಹೋಗಲು ಸುಮಾರು 5 ಲೀಟರ್ ಬೇಕು. ಪೂರ್ಣ ಒತ್ತಡದಲ್ಲಿ ಇದಕ್ಕೆ ಇಪ್ಪತ್ತೈದು ಸೆಕೆಂಡಿಗಿಂತ ಕಡಿಮೆ ಸಾಧ್ಯವಿಲ್ಲ. ದೊಡ್ಡ ಸಿಲಿಂಡರಿಗೆ ಇನ್ನೂ ಹೆಚ್ಚು. ಎರಡು ಹಂತದ ಪಂಪ್ ಕೇಳಿ. ದಿಮ್ಮಿ ಮುಟ್ಟುವ ತನಕ ಅದು ಬೇಗ ಓಡಿ, ಮುಟ್ಟಿದ ಮೇಲೆ ನಿಧಾನವಾಗಿ ಒತ್ತುತ್ತದೆ.

ನಿಂತ ಮಷಿನ್ ಕೊಳ್ಳಿ, ಮಲಗಿದ್ದು ಬೇಡ. ಮಲಗಿದ್ದಕ್ಕೆ ದಿಮ್ಮಿಯನ್ನು ಎತ್ತಿ ಇಡಬೇಕು, ನಿಂತದ್ದರ ಅಡಿಗೆ ಉರುಳಿಸಿದರೆ ಸಾಕು. ಕಾಕಾನ ಸೊಂಟ ಉಳಿಯುವುದು ಇಲ್ಲಿಯೇ. ಎರಡೂ ಕೈ ಎರಡು ಹಿಡಿಕೆಯ ಮೇಲಿದ್ದರೆ ಮಾತ್ರ ಬೆಣೆ ಇಳಿಯಬೇಕು, ಒಂದು ಬಿಟ್ಟರೂ ನಿಲ್ಲಬೇಕು. ಈ ವ್ಯವಸ್ಥೆ ಇಲ್ಲದ ಮಷಿನ್ನನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಜಾಲಿಯನ್ನು ಹಸಿಯಿದ್ದಾಗಲೇ ಸೀಳಿ, ಒಣಗಿದ ಮೇಲೆ ಅದು ಕಬ್ಬಿಣವಾಗುತ್ತದೆ. ಸೀಳಿದ್ದು ಬೇಗ ಒಣಗುತ್ತದೆ ಕೂಡ. ಮಷಿನ್ ಎಲ್ಲಿಯೇ ಕೊಂಡರೂ ಅದರ ಸೀಲ್, ವಾಲ್ವ್ ಬೆಳಗಾವಿಯ ಉದ್ಯಮಬಾಗದಲ್ಲಿ ಸಿಗುವ ಅಳತೆಯದಾಗಿರಲಿ. ಹೈಡ್ರಾಲಿಕ್ ಕೆಲಸ ಬಲ್ಲವರು ಅಲ್ಲಿ ಬೇಕಾದಷ್ಟು ಇದ್ದಾರೆ.

ಮಷಿನ್‌ಗೆ ಕರೆಂಟನ್ನು ಬಾವಿಯ ಲೈನಿನಿಂದ ಎಳೆಯಬೇಡಿ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕೊಡುವ ಉಚಿತ ವಿದ್ಯುತ್ತು ಬೆಳೆಗೆ ಮಾತ್ರ. ವ್ಯಾಪಾರಕ್ಕೆ ಬಳಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಎರಡು ಪಟ್ಟು ದರ ಕಟ್ಟಬೇಕು. ಹೆಸ್ಕಾಂನಲ್ಲಿ ಬೇರೆ ಮೀಟರ್ ಕೇಳಿ. ನಿಮ್ಮದು ಹೊಳೆದಂಡೆಯ ಊರು. 2019ರಲ್ಲಿ, ಮತ್ತೆ 2021ರಲ್ಲಿ ಕೃಷ್ಣೆ ಎಲ್ಲಿಯವರೆಗೆ ಬಂದಳೆಂದು ಗೋಡೆಯ ಗುರುತು ನೋಡಿ, ಅದಕ್ಕಿಂತ ಎತ್ತರದ ಕಟ್ಟೆಯ ಮೇಲೆ ಮಷಿನ್ ಕೂರಿಸಿ. ಸೀಳುವ ಮಷಿನ್ ಜೊತೆಗೆ ಚಕ್ರದ ಗರಗಸವನ್ನೂ ಹಾಕುವ ಯೋಚನೆ ಇದ್ದರೆ ಮೊದಲು ವಲಯ ಅರಣ್ಯ ಕಚೇರಿಗೆ ಹೋಗಿ ಕೇಳಿ. 1996ರ ಸುಪ್ರೀಂ ಕೋರ್ಟ್ ಆದೇಶದ ನಂತರ ಸಾ ಮಿಲ್ ಪರವಾನಗಿ ಬಹಳ ಬಿಗಿಯಾಗಿದೆ. ಬೇವು, ಹುಣಸೆ ಕಡಿದು ತರುವವರ ಹತ್ತಿರ ಅನುಮತಿ ಪತ್ರ ಇರಬೇಕೇ ಎಂದೂ ಅಲ್ಲಿಯೇ ವಿಚಾರಿಸಿ.

ನಿಮ್ಮ ತಂದೆಯವರ ಮಾತಿನಲ್ಲಿ ನ್ಯಾಯವಿದೆ. ಆದರೆ ಅವರು ಹೆದರಿದಂತೆ ಆಗಬೇಕಾಗಿಲ್ಲ. ಯಾವ ಗಂಟಿನ ಯಾವ ಬದಿಗೆ ಬೆಣೆ ಇಟ್ಟರೆ ಎಳೆ ಬಿಡುತ್ತದೆ ಎಂಬುದು ಆ ಇಬ್ಬರಿಗೆ ಗೊತ್ತು, ಮಷಿನ್‌ಗೆ ಗೊತ್ತಿಲ್ಲ. ಹಿಡಿಕೆಯ ಮುಂದೆ ಅವರನ್ನೇ ನಿಲ್ಲಿಸಿ, ಪಗಾರ ಕಡಿಮೆ ಮಾಡಬೇಡಿ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋಗುವ ಗಾಡಿಗಳು ಕಟ್ಟಿಗೆ ತುಂಬುವ ದಿನಗಳಲ್ಲಿ ಕೆಲಸ ಎಷ್ಟು ನಡೆಯುತ್ತದೆ ಎಂದು ತಂದೆಯವರೇ ನೋಡಲಿ.

ತಿರುಪು ಮಷಿನ್‌ಗೆ ಕೊಟ್ಟ ಮುಂಗಡ ನಾಳೆಯೇ ವಾಪಸ್ ಕೇಳಿ. ಕೊಡದಿದ್ದರೆ ಹೋಗಲಿ, ಬಿಟ್ಟುಬಿಡಿ. ಆ ಮಷಿನ್ ಮಾತ್ರ ವಖಾರದೊಳಗೆ ಬರುವುದು ಬೇಡ.